ತಾರತಮ್ಯ: ತಿಳಿಯಬೇಕಾದದ್ದು, ಮಾಡಬಾರದ್ದು

ಹಬ್ಬದ ಮಧ್ಯಾಹ್ನ. ನಡುಮನೆಯಲ್ಲಿ ಬಾಳೆಯೆಲೆಗಳ ಸಾಲು. ತಾಯಿ ಹೋಳಿಗೆಯ ತಟ್ಟೆ ಹಿಡಿದು ಬಡಿಸುತ್ತ ಬರುತ್ತಾಳೆ. ಜ್ವರ ಬಿಟ್ಟು ಇನ್ನೂ ಎರಡು ದಿನವಾಗದ ಕಿರಿಯ ಮಗನ ಎಲೆಯನ್ನು ಮಾತ್ರ ದಾಟಿ ಮುಂದಕ್ಕೆ ಹೋಗುತ್ತಾಳೆ. ಅವನ ಪಾಲಿಗೆ ಮೆತ್ತಗಿನ ಅನ್ನ, ತಿಳಿಸಾರು. ಹುಡುಗ ಸುಮ್ಮನಿರುವವನಲ್ಲ. ‘‘ಅಮ್ಮ, ನೀನು ತಾರತಮ್ಯ ಮಾಡ್ತೀಯ!’’ ಎಂದು ಕೂಗುತ್ತಾನೆ. ಪಂಕ್ತಿಗೆ ಪಂಕ್ತಿಯೇ ನಗುತ್ತದೆ. ಅದೇ ಪಂಕ್ತಿಯಲ್ಲಿ ಹಿರಿಯ ಮಗನ ಎಲೆಗೆ ತುಪ್ಪ ಎರಡು ಸಲ ಬೀಳುತ್ತದೆ. ಪಕ್ಕದಲ್ಲಿ ಕುಳಿತ ಮಗಳ ಎಲೆಗೆ ಒಂದೇ ಸಲ. ಆಕೆ ಏನನ್ನೂ ಹೇಳುವುದಿಲ್ಲ. ಯಾರೂ ನಗುವುದೂ ಇಲ್ಲ, ಏಕೆಂದರೆ ಯಾರೂ ಅದನ್ನು ನೋಡಿಯೇ ಇಲ್ಲ.

ಒಂದೇ ಊಟದಲ್ಲಿ, ಒಂದೇ ಕೈಯಿಂದ, ಎರಡು ಬಗೆಯ ಹೆಚ್ಚುಕಡಿಮೆ ನಡೆಯಿತು. ಇವೆರಡರಲ್ಲಿ ತಾರತಮ್ಯ ಯಾವುದು? ಹುಡುಗ ಕೂಗಿ ಹೇಳಿದ್ದೋ, ಹುಡುಗಿ ಹೇಳದೆ ಉಳಿದದ್ದೋ? ಈ ಪ್ರಶ್ನೆಗೆ ಉತ್ತರ ಆ ಮಾತಿನ ಹುಟ್ಟಿನಲ್ಲಿಯೇ ಇದೆ. ಅದು ಹೊರಟದ್ದು ಎಲ್ಲಿಂದ, ಸೇರಿದ್ದು ಎಲ್ಲಿಗೆ ಎಂಬುದನ್ನು ನೋಡಿದರೆ, ದಿನವೂ ಬಾಯಲ್ಲಿ ಆಡುವ ಈ ನಾಲ್ಕು ಅಕ್ಷರಗಳೊಳಗೆ ಎಷ್ಟು ದೊಡ್ಡ ವ್ಯವಹಾರ ಅಡಗಿದೆ ಎಂಬುದು ತಿಳಿಯುತ್ತದೆ.

ಎರಡು ಪ್ರತ್ಯಯಗಳ ಮಗು

‘ತಾರತಮ್ಯ’ದಲ್ಲಿ ಆಕಾಶದ ತಾರೆಯೂ ಇಲ್ಲ, ಕತ್ತಲೆಯ ತಮಸ್ಸೂ ಇಲ್ಲ. ಅದು ಸಂಸ್ಕೃತದ ಎರಡು ಪ್ರತ್ಯಯಗಳಿಂದ ಹುಟ್ಟಿದ ಮಾತು. ಇಬ್ಬರಲ್ಲಿ ಒಬ್ಬನ ಹೆಚ್ಚಳವನ್ನು ಹೇಳುವುದು ‘ತರ’. ಹಲವರಲ್ಲಿ ಒಬ್ಬನ ಹೆಚ್ಚಳವನ್ನು ಹೇಳುವುದು ‘ತಮ’. ಪಾಣಿನಿಯು ತನ್ನ ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದಲ್ಲಿ ಇವೆರಡಕ್ಕೂ ಸೂತ್ರಗಳನ್ನು ಕೊಟ್ಟಿದ್ದಾನೆ. ಪ್ರಿಯವಾದದ್ದು ಪ್ರಿಯ, ಎರಡರಲ್ಲಿ ಹೆಚ್ಚು ಪ್ರಿಯವಾದದ್ದು ಪ್ರಿಯತರ, ಎಲ್ಲದರಲ್ಲಿಯೂ ಪ್ರಿಯವಾದದ್ದು ಪ್ರಿಯತಮ. ನಾವು ದಿನವೂ ಬಳಸುವ ‘ಉತ್ತರ’ ಮತ್ತು ‘ಉತ್ತಮ’ ಕೂಡ ಇದೇ ಅಚ್ಚಿನವು. ‘ಮೇಲೆ’ ಎಂಬ ಅರ್ಥದ ‘ಉತ್’ ಎಂಬುದಕ್ಕೆ ತರ ಸೇರಿದಾಗ ‘ಇನ್ನೂ ಮೇಲಿನದು’, ತಮ ಸೇರಿದಾಗ ‘ಎಲ್ಲಕ್ಕಿಂತ ಮೇಲಿನದು’.

ಪ್ರತ್ಯಯಗಳಿಗೆ ಸ್ವತಂತ್ರ ಬಾಳಿಲ್ಲ. ಅವು ಇನ್ನೊಂದು ಪದವನ್ನು ಆತುಕೊಂಡೇ ನಿಲ್ಲಬೇಕು. ಆದರೆ ಯಾವುದೋ ಕಾಲದಲ್ಲಿ ಪಂಡಿತರು ಈ ಎರಡು ಬಾಲಗಳನ್ನೇ ಒಂದಕ್ಕೊಂದು ಕಟ್ಟಿ ‘ತರತಮ’ ಎಂದರು. ಸುಂದರದಿಂದ ಸೌಂದರ್ಯ, ಮಧುರದಿಂದ ಮಾಧುರ್ಯ, ಉದಾರದಿಂದ ಔದಾರ್ಯ ಹುಟ್ಟುವಂತೆ, ತರತಮದ ಮೊದಲಕ್ಷರ ಹಿಗ್ಗಿ, ಕೊನೆಗೆ ಯಕಾರ ಕೂಡಿ ‘ತಾರತಮ್ಯ’ ಹುಟ್ಟಿತು. ತಲೆಯೂ ಇಲ್ಲದ, ಮುಂಡವೂ ಇಲ್ಲದ, ಬಾಲಗಳೆರಡೇ ಸೇರಿ ಮೈಪಡೆದ ಶಬ್ದವಿದು. ಯಾವುದರ ಹೆಚ್ಚಳ, ಯಾರ ಹೆಚ್ಚಳ ಎಂಬುದನ್ನು ಅದು ಹೇಳುವುದಿಲ್ಲ. ಬರಿಯ ಹೆಚ್ಚಳದ ಮೆಟ್ಟಿಲುಗಳನ್ನಷ್ಟೇ ತೋರಿಸುತ್ತದೆ.

ಈ ‘ತರ’ದ ನೆಂಟಸ್ತನ ದೂರದವರೆಗೂ ಹಬ್ಬಿದೆ. ಪಾರಸಿಯಲ್ಲಿ ‘ಬೆಹತರ್’ ಎಂದರೆ ಇನ್ನೂ ಒಳ್ಳೆಯದು. ಹಿಂದಿ ಚಿತ್ರಗಳ ಮೂಲಕ ಆ ಮಾತನ್ನು ನಮ್ಮ ಪೇಟೆಯ ಜನರೆಲ್ಲ ಕೇಳಿದ್ದಾರೆ. ಅದರ ಬಾಲದಲ್ಲಿರುವ ‘ತರ್’ ನಮ್ಮ ಪ್ರಿಯತರದ ‘ತರ’ಕ್ಕೆ ಒಡಹುಟ್ಟಿದ್ದು. ಮನುಷ್ಯನು ಮಾತು ಕಲಿತ ಬಳಿಕ ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ಅಳೆಯುವುದನ್ನು ಎಲ್ಲಿಯೂ ಬಿಟ್ಟಂತಿಲ್ಲ.

ಅಳೆಯುವ ಚಪಲಕ್ಕೆ ಕೊನೆಯೂ ಇಲ್ಲ. ‘ಉತ್ತಮ’ ಎಂದರೇ ಎಲ್ಲಕ್ಕಿಂತ ಮೇಲಿನದು. ಅದರ ಮೇಲೆ ಮೆಟ್ಟಿಲಿರಬಾರದು. ಆದರೂ ನಮಗೆ ಅದು ಸಾಲದೆ ‘ಅತ್ಯುತ್ತಮ’ವನ್ನು ಮಾಡಿಕೊಂಡೆವು. ‘ಶ್ರೇಷ್ಠ’ವೂ ಎಲ್ಲಕ್ಕಿಂತ ಮೇಲಿನದೇ, ಅದಕ್ಕೂ ತಮ ಸೇರಿಸಿ ‘ಶ್ರೇಷ್ಠತಮ’ ಎಂದೆವು. ಏಣಿಯ ತುದಿಯನ್ನು ಮುಟ್ಟಿದವನಿಗೂ ಇನ್ನೊಂದು ಹಲ್ಲು ಬೇಕೆನಿಸುತ್ತದೆ.

ಜ್ಞಾನವಾಗಿದ್ದ ಕಾಲ

ಇಂದು ‘ತಾರತಮ್ಯ’ ಎಂದೊಡನೆ ಅನ್ಯಾಯದ ವಾಸನೆ ಬರುತ್ತದೆ. ಆದರೆ ಶಾಸ್ತ್ರಗ್ರಂಥಗಳಲ್ಲಿ ಅದು ಬೈಗುಳವಾಗಿರಲಿಲ್ಲ. ವಸ್ತುಗಳಲ್ಲಿರುವ ಹೆಚ್ಚುಕಡಿಮೆಯ ಕ್ರಮ ಎಂಬುದಷ್ಟೇ ಅದರ ಅರ್ಥ. ಆ ಕ್ರಮವನ್ನು ಅರಿಯುವುದು ವಿವೇಕದ ಗುರುತು.

ಕರ್ನಾಟಕದ ಮಟ್ಟಿಗೆ ಈ ಮಾತಿಗೆ ದೊಡ್ಡ ಗೌರವ ದೊರೆತದ್ದು ಉಡುಪಿಯಲ್ಲಿ. 13ನೆಯ ಶತಮಾನದಲ್ಲಿ ಮಧ್ವಾಚಾರ್ಯರು ಬೋಧಿಸಿದ ದ್ವೈತಮತದಲ್ಲಿ ತಾರತಮ್ಯವು ಒಂದು ಮುಖ್ಯ ತತ್ತ್ವ. ದೇವತೆಗಳಲ್ಲಿ, ಜೀವರಲ್ಲಿ, ಕಡೆಗೆ ಮುಕ್ತಿಯ ಆನಂದದಲ್ಲಿಯೂ ಮೆಟ್ಟಿಲುಗಳುಂಟು ಎಂಬುದು ಆ ಮತದ ನಿಲುವು. ಆದುದರಿಂದ ಸಾಧಕನಿಗೆ ‘ತಾರತಮ್ಯಜ್ಞಾನ’ ಬೇಕೇ ಬೇಕು. ಮಾನವಿಯ ಜಗನ್ನಾಥದಾಸರು ಭಾಮಿನೀಷಟ್ಪದಿಯಲ್ಲಿ ರಚಿಸಿದ ಹರಿಕಥಾಮೃತಸಾರದಲ್ಲಿ ತಾರತಮ್ಯದ ಹೆಸರನ್ನೇ ಹೊತ್ತ ಸಂಧಿಗಳಿವೆ. ಹಳೆಯ ಮನೆಗಳಲ್ಲಿ ಅಜ್ಜಿಯರು ಬೆಳಗಿನ ಹೊತ್ತು ಅದನ್ನು ಹಾಡಿಕೊಳ್ಳುವಾಗ ‘ತಾರತಮ್ಯ’ ಎಂಬುದು ಅವರ ನಾಲಗೆಯ ಮೇಲೆ ಭಕ್ತಿಯ ಮಾತಾಗಿತ್ತು, ದೂರಿನ ಮಾತಾಗಿರಲಿಲ್ಲ.

ಮೆಟ್ಟಿಲುಗಳ ಈ ಕಲ್ಪನೆಗೆ ಇನ್ನೂ ಹಳೆಯ ಬೇರು ತೈತ್ತಿರೀಯೋಪನಿಷತ್ತಿನಲ್ಲಿದೆ. ಆರೋಗ್ಯ, ಯೌವನ, ವಿದ್ಯೆ, ಐಶ್ವರ್ಯ ಎಲ್ಲವೂ ಇರುವ ಮನುಷ್ಯನ ಆನಂದವನ್ನು ಒಂದು ಅಳತೆಯೆಂದು ಹಿಡಿದು, ಅದರ ನೂರರಷ್ಟು ಮುಂದಿನ ಮೆಟ್ಟಿಲಿನವರಿಗೆ, ಅದರ ನೂರರಷ್ಟು ಅದಕ್ಕೂ ಮೇಲಿನವರಿಗೆ ಎಂದು ಉಪನಿಷತ್ತು ಲೆಕ್ಕ ಹಾಕುತ್ತ ಹೋಗುತ್ತದೆ. ಇದರಲ್ಲಿ ಗಮನಿಸತಕ್ಕ ಸಂಗತಿ ಒಂದಿದೆ. ಮೇಲುಮೇಲಿನ ಮೆಟ್ಟಿಲಿಗೆ ಹೋದಂತೆಲ್ಲ, ಆಸೆಗೆ ಸಿಕ್ಕದ ಜ್ಞಾನಿಗೂ ಅಷ್ಟೇ ಆನಂದ ಉಂಟು ಎಂದು ಅದು ಮತ್ತೆ ಮತ್ತೆ ಸೇರಿಸುತ್ತದೆ. ಏಣಿಯನ್ನು ಅಷ್ಟು ಖಚಿತವಾಗಿ ನಿಲ್ಲಿಸಿದ ಗ್ರಂಥವೇ, ಏಣಿಯ ಹಂಗಿಲ್ಲದವನೊಬ್ಬನನ್ನೂ ಪಕ್ಕದಲ್ಲಿ ನಿಲ್ಲಿಸಿದೆ.

ಪುಣೆಯಲ್ಲಿ ನಿಂದೆ, ಮೈಸೂರಿನಲ್ಲಿ ಸ್ತುತಿ

ಸಂಸ್ಕೃತದಿಂದ ಹೊರಟ ಈ ಮಾತು ಭಾರತದ ಬೇರೆ ಬೇರೆ ಮನೆಗಳಿಗೆ ಸೊಸೆಯಾಗಿ ಹೋಯಿತು. ಒಂದೊಂದು ಮನೆಯಲ್ಲಿ ಒಂದೊಂದು ಸ್ವಭಾವವನ್ನು ಪಡೆಯಿತು. ಮಲಯಾಳದಲ್ಲಿ ತಾರತಮ್ಯವೆಂದರೆ ಹೋಲಿಕೆ. ಎರಡು ಭಾಷೆಗಳನ್ನೋ ಎರಡು ಕಾವ್ಯಗಳನ್ನೋ ತೂಗಿ ನೋಡುವ ವ್ಯಾಸಂಗಕ್ಕೆ ಅಲ್ಲಿ ‘ತಾರತಮ್ಯಪಠನ’ ಎಂದು ಹೆಸರು. ತೆಲುಗಿನಲ್ಲಿ ಅದು ವ್ಯತ್ಯಾಸ. ಬಂಗಾಳಿಯಲ್ಲಿ ಏರಿಳಿತ, ಹೆಚ್ಚುಕಡಿಮೆ. ಹಿಂದಿಯಲ್ಲಿ ಅದು ಒಂದರ ಹಿಂದೆ ಒಂದು ಬರುವ ಕ್ರಮ. ಮಾತಿನ ಎಳೆ ತಪ್ಪಿದರೆ ತಾರತಮ್ಯ ಕಡಿದುಹೋಯಿತು ಎನ್ನುತ್ತಾರೆ.

ಎಲ್ಲಕ್ಕಿಂತ ಸ್ವಾರಸ್ಯವಾದದ್ದು ಮರಾಠಿಯ ಬಳಕೆ. ಅಲ್ಲಿ ತಾರತಮ್ಯವೆಂದರೆ ವಿವೇಚನೆ: ಯಾವುದು ಎಷ್ಟು ಮುಖ್ಯ, ಯಾವ ಮಾತನ್ನು ಎಲ್ಲಿ ನಿಲ್ಲಿಸಬೇಕು ಎಂಬ ತಿಳಿವಳಿಕೆ. ಪುಣೆಯ ಹಿರಿಯರೊಬ್ಬರು ಒಬ್ಬ ತರುಣನನ್ನು ಕುರಿತು ‘ಅವನಿಗೆ ತಾರತಮ್ಯವೇ ಇಲ್ಲ’ ಎಂದರೆ ಅದು ನಿಂದೆ; ಹಿಂದುಮುಂದು ನೋಡದ ಅವಿವೇಕಿ ಎಂದರ್ಥ. ಮೈಸೂರಿನ ಹಿರಿಯರು ಒಬ್ಬ ಅಧಿಕಾರಿಯನ್ನು ಕುರಿತು ‘ಅವರಲ್ಲಿ ತಾರತಮ್ಯವೇ ಇಲ್ಲ’ ಎಂದರೆ ಅದು ಸ್ತುತಿ. ಎಲ್ಲರನ್ನೂ ಸಮನಾಗಿ ಕಾಣುವ ಸಜ್ಜನರು ಎಂದರ್ಥ. ಮಾತು ಒಂದೇ, ಅಕ್ಷರವೂ ಒಂದೇ. ಗಡಿ ದಾಟುವಷ್ಟರಲ್ಲಿ ಬೈಗುಳವು ಹೊಗಳಿಕೆಯಾಯಿತು.

ಕನ್ನಡದಲ್ಲಿ ಹೀಗೇಕಾಯಿತು? ಅದರ ಗುಟ್ಟು ಆ ಮಾತು ಯಾವ ಕ್ರಿಯಾಪದದ ಕೈ ಹಿಡಿಯಿತು ಎಂಬುದರಲ್ಲಿದೆ. ಹಳೆಯ ಬಳಕೆಯಲ್ಲಿ ತಾರತಮ್ಯವನ್ನು ‘ಅರಿಯುತ್ತಿದ್ದರು’, ‘ತಿಳಿಯುತ್ತಿದ್ದರು’. ಇಂದಿನ ಕನ್ನಡದಲ್ಲಿ ತಾರತಮ್ಯವನ್ನು ‘ಮಾಡುತ್ತಾರೆ’. ತಿಳಿಯುವಾಗ ಹೆಚ್ಚುಕಡಿಮೆಯು ವಸ್ತುವಿನಲ್ಲಿರುತ್ತದೆ. ತಿಳಿಯುವವನು ಬರಿಯ ನೋಟಕ. ಮಾಡುವಾಗ ಹೆಚ್ಚುಕಡಿಮೆಯು ಮಾಡುವವನ ಕೈಯಲ್ಲಿರುತ್ತದೆ, ಅವನು ಕರ್ತೃ. ಕರ್ತೃವಾದ ಮೇಲೆ ಅವನು ಉತ್ತರ ಹೇಳಬೇಕು. ಕನ್ನಡಿಗರು ಒಂದು ಕ್ರಿಯಾಪದವನ್ನು ಬದಲಾಯಿಸಿ, ತತ್ತ್ವದ ಮಾತೊಂದನ್ನು ನ್ಯಾಯದ ಕಟಕಟೆಗೆ ತಂದು ನಿಲ್ಲಿಸಿದರು. ಹಾಗೆಂದು ಹಳೆಯ ಅರ್ಥ ಪೂರ್ತಿಯಾಗಿ ಅಳಿಯಲಿಲ್ಲ. ‘ತರತಮಜ್ಞಾನವಿಲ್ಲದವನು’ ಎಂದು ನಾವು ಈಗಲೂ ಅವಿವೇಕಿಯನ್ನು ಬೈಯುವುದುಂಟು. ಅಲ್ಲಿ ಪುಣೆಯ ಅರ್ಥ ನಮ್ಮಲ್ಲಿಯೂ ಉಸಿರಾಡುತ್ತಿದೆ.

ಕನ್ನಡದ ‘ಗಿಂತ’

ಕನ್ನಡದ ಸ್ವಂತ ವ್ಯಾಕರಣದಲ್ಲಿ ತರವೂ ಇಲ್ಲ, ತಮವೂ ಇಲ್ಲ. ‘ದೊಡ್ಡ’ ಎಂಬ ಮಾತು ಎಷ್ಟು ದೊಡ್ಡದಕ್ಕೆ ಹೇಳಿದರೂ ‘ದೊಡ್ಡ’ವಾಗಿಯೇ ಉಳಿಯುತ್ತದೆ. ಹೋಲಿಸಬೇಕಾದರೆ ‘ಅವನಿಗಿಂತ ಇವನು ದೊಡ್ಡವನು’, ‘ಎಲ್ಲರಿಗಿಂತ ಅವನು ದೊಡ್ಡವನು’ ಎನ್ನಬೇಕು. ಯಾರಿಗಿಂತ ಎಂದು ಹೇಳದೆ ಕನ್ನಡದಲ್ಲಿ ಹೋಲಿಕೆ ನಡೆಯುವುದು ಕಷ್ಟ. ‘ಗುರುತರವಾದ ಹೊಣೆ’ ಎನ್ನುವಾಗ ಯಾವುದಕ್ಕಿಂತ ಗುರು ಎಂದು ಯಾರೂ ಕೇಳುವುದಿಲ್ಲ. ‘ಹೆಚ್ಚು ಭಾರದ ಹೊಣೆ’ ಎಂದೊಡನೆ ಯಾವುದಕ್ಕಿಂತ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಮೇಲು ಎನ್ನುವವನು ಯಾರು ಕೆಳಗೆ ಎಂಬುದನ್ನೂ ಬಾಯಿಬಿಟ್ಟು ಹೇಳಬೇಕೆಂಬುದು ಈ ‘ಗಿಂತ’ದ ಕಟ್ಟಳೆ. ‘ಮೇಲುಕೀಳು’ ಎಂಬ ಅಚ್ಚಗನ್ನಡದ ಜೋಡಿಪದದಲ್ಲಿಯೂ ಕೀಳನ್ನು ಮರೆಮಾಚಲು ಎಡೆಯಿಲ್ಲ. ಅದು ಮೇಲಿನ ಪಕ್ಕದಲ್ಲಿಯೇ ಕುಳಿತಿದೆ.

ಇನ್ನು ‘ಸರಿ’ ಎಂಬ ಮಾತನ್ನು ನೋಡಬೇಕು. ಮಕ್ಕಳು ಮುಷ್ಟಿಯಲ್ಲಿ ಹುಣಿಸೆಬೀಜ ಹಿಡಿದು ‘ಸರಿಯೋ ಬೆಸವೋ’ ಎಂದು ಕೇಳುವಾಗ ಸರಿ ಎಂದರೆ ಎರಡು ಸಮಪಾಲಾಗುವ ಸಂಖ್ಯೆ. ‘ಅವನಿಗೆ ಸರಿಯಾದ ಜೋಡಿ’ ಎನ್ನುವಾಗ ಸಮಾನ. ‘ನೀನು ಮಾಡಿದ್ದು ಸರಿ’ ಎನ್ನುವಾಗ ನ್ಯಾಯ. ಸಮಾನವಾದದ್ದಕ್ಕೂ ನ್ಯಾಯವಾದದ್ದಕ್ಕೂ ಕನ್ನಡವು ಒಂದೇ ಮಾತನ್ನು ಇಟ್ಟುಕೊಂಡಿದೆ.

ಅಸಮಾನತೆಗೆ ಸಂಸ್ಕೃತದಿಂದ ಬಂದ ಇನ್ನೊಂದು ಮಾತಿನ ಗತಿಯೂ ಯೋಚಿಸತಕ್ಕದ್ದು. ‘ವಿಷಮ’ ಎಂದರೆ ಸಮವಲ್ಲದ್ದು, ಏರುತಗ್ಗಿನದು; ಅದರಿಂದ ‘ವೈಷಮ್ಯ’. ದೇವರು ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ದುಃಖ ಕೊಟ್ಟದ್ದರಿಂದ ಅವನಿಗೆ ಅಸಮದೃಷ್ಟಿಯ ದೋಷ ಬರುವುದೇ ಎಂಬ ಚರ್ಚೆಯಲ್ಲಿ ಬ್ರಹ್ಮಸೂತ್ರಗಳು ಬಳಸಿದ ಮಾತು ಇದೇ. ಮರಾಠಿ, ಹಿಂದಿಗಳಲ್ಲಿ ‘ವಿಷಮತೆ’ ಎಂದರೆ ಇಂದಿಗೂ ಅಸಮಾನತೆ. ಕನ್ನಡದಲ್ಲಿಯಾದರೋ ವೈಷಮ್ಯವೆಂದರೆ ಹಗೆತನ. ಹಳೆಯ ವೈಷಮ್ಯದಿಂದ ಜಗಳವಾಯಿತು ಎನ್ನುತ್ತೇವೆ. ಅಸಮಾನತೆಯ ಮಾತು ಕನ್ನಡದ ನೆಲದಲ್ಲಿ ದ್ವೇಷದ ಮಾತಾಗಿ ಬೆಳೆಯಿತು. ಏರುತಗ್ಗನ್ನು ಬಹುಕಾಲ ಹಾಗೆಯೇ ಬಿಟ್ಟರೆ ಕೊನೆಗೆ ಅದು ಏನಾಗುತ್ತದೆ ಎಂಬುದನ್ನು ಈ ಶಬ್ದವು ತನ್ನ ಬಾಳಿನಿಂದಲೇ ತೋರಿಸಿದೆ.

ಊಟದ ಸಾಲಿನಿಂದ ಬಂದದ್ದು ‘ಪಂಕ್ತಿಭೇದ’. ಒಂದೇ ಪಂಕ್ತಿಯಲ್ಲಿ ಕುಳಿತವರಿಗೆ ಬೇರೆ ಬೇರೆಯಾಗಿ ಬಡಿಸುವುದು ತಪ್ಪು ಎಂಬುದು ಹಿಂದಿನಿಂದ ಬಂದ ಕಟ್ಟಳೆ. ಆದರೆ ಆ ಪಂಕ್ತಿಯಲ್ಲಿ ಯಾರು ಕುಳಿತುಕೊಳ್ಳಬಹುದು, ಯಾರು ಹೊರಗೆ ಕಾಯಬೇಕು ಎಂಬುದನ್ನು ಕಟ್ಟಳೆ ಮಾಡಿದವರು ಮೊದಲೇ ನಿಶ್ಚಯಿಸಿಬಿಟ್ಟಿದ್ದರು. ಒಳಗಿನವರೊಳಗೆ ತುಪ್ಪದ ಹನಿಯನ್ನು ಎಣಿಸಿದ ಧರ್ಮಬುದ್ಧಿಗೆ ಬಾಗಿಲ ಹೊರಗಿನ ಹಸಿವು ಕಾಣಲಿಲ್ಲ.

ಏಣಿಯ ಗುಟ್ಟು

ಈ ಸಾಮಾಜಿಕ ಏಣಿಯ ಒಳರಚನೆಯನ್ನು ಬಿಚ್ಚಿ ತೋರಿಸಿದವರು ಡಾ. ಬಿ. ಆರ್. ಅಂಬೇಡ್ಕರ್. ಜಾತಿಪದ್ಧತಿಯಲ್ಲಿರುವುದು ಬರಿಯ ಅಸಮಾನತೆಯಲ್ಲ, ಶ್ರೇಣೀಕೃತ ಅಸಮಾನತೆ ಎಂದು ಅವರು ವಿವರಿಸಿದರು. ಮೇಲೆ ಒಬ್ಬ, ಕೆಳಗೆ ಉಳಿದವರೆಲ್ಲ ಎಂಬ ವ್ಯವಸ್ಥೆಯಾಗಿದ್ದರೆ ಕೆಳಗಿನವರೆಲ್ಲ ಒಂದಾಗಿ ಅದನ್ನು ಕೆಡವಬಹುದಿತ್ತು. ಆದರೆ ಮೆಟ್ಟಿಲುಗಳು ಅನೇಕ. ಪ್ರತಿಯೊಬ್ಬನ ಮೇಲೂ ಒಬ್ಬನಿರುವಂತೆ, ಅವನ ಕೆಳಗೂ ಒಬ್ಬನಿದ್ದಾನೆ. ಮೇಲಿನವನನ್ನು ಕಂಡು ನೋಯುವವನೇ ಕೆಳಗಿನವನನ್ನು ಕಂಡು ಸಮಾಧಾನಪಡುತ್ತಾನೆ. ಹೀಗಾಗಿ ಏಣಿಯನ್ನೇ ತೆಗೆದುಹಾಕಬೇಕೆಂದು ಹೊರಡುವವರು ವಿರಳ. ‘ತರ’ ಮತ್ತು ‘ತಮ’ ಎಂಬ ಎರಡು ಪ್ರತ್ಯಯಗಳು ಮನುಷ್ಯರ ಬೆನ್ನಿಗೆ ಅಂಟಿಕೊಂಡರೆ ಆಗುವ ಅನಾಹುತ ಇದೇ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ಅವರು ಇನ್ನೊಂದು ಎಚ್ಚರಿಕೆಯನ್ನು ಕೊಟ್ಟರು. 1950ರ ಜನವರಿ 26ರಂದು ದೇಶವು ವಿರೋಧಾಭಾಸದ ಬಾಳಿಗೆ ಕಾಲಿಡಲಿದೆ. ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬಾಳಿನಲ್ಲಿ ಅಸಮಾನತೆ. ಇದನ್ನು ಬೇಗ ಸರಿಪಡಿಸದಿದ್ದರೆ ಅಸಮಾನತೆಯಿಂದ ನೊಂದವರು ಈ ಪ್ರಜಾಪ್ರಭುತ್ವದ ಕಟ್ಟಡವನ್ನೇ ಸಿಡಿಸಿಯಾರು ಎಂಬುದು ಆ ಮಾತಿನ ತಾತ್ಪರ್ಯ. ವೈಷಮ್ಯ ಎಂಬ ಶಬ್ದದ ಕಥೆಯನ್ನೇ ಅವರು ಚರಿತ್ರೆಯ ಭಾಷೆಯಲ್ಲಿ ಹೇಳಿದಂತಾಯಿತು.

ಕಾಯಿದೆಯ ತಕ್ಕಡಿ

ಸಂವಿಧಾನದ 15ನೆಯ ಅನುಚ್ಛೇದವು ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ ಇವುಗಳ ಕಾರಣದಿಂದ ಮಾತ್ರವೇ ರಾಜ್ಯವು ಯಾವ ಪ್ರಜೆಯ ವಿಷಯದಲ್ಲಿಯೂ ತಾರತಮ್ಯ ಮಾಡಕೂಡದೆಂದು ವಿಧಿಸಿತು. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳಲ್ಲಿ ಇಂಥ ಕಾರಣಗಳಿಂದ ಯಾರನ್ನೂ ತಡೆಯಕೂಡದೆಂದಿತು. ಆದರೆ ಅದೇ ಅನುಚ್ಛೇದವು ಮುಂದುವರಿದು, ಸ್ತ್ರೀಯರಿಗೂ ಮಕ್ಕಳಿಗೂ ವಿಶೇಷ ಏರ್ಪಾಡು ಮಾಡಲು ಅಡ್ಡಿಯಿಲ್ಲವೆಂದೂ ಹೇಳಿತು. 1951ರ ಮೊದಲನೆಯ ತಿದ್ದುಪಡಿಯು ಹಿಂದುಳಿದ ವರ್ಗಗಳಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೂ ಆ ಮಾತನ್ನು ವಿಸ್ತರಿಸಿತು. ತಾರತಮ್ಯ ಮಾಡಬೇಡ ಎಂದ ಬಾಯಿಯೇ ತಾರತಮ್ಯವನ್ನು ತಿಳಿದು ನಡೆ ಎಂದಿತು. ಮೇಲುನೋಟಕ್ಕೆ ಇದು ಪರಸ್ಪರ ವಿರುದ್ಧವೆನಿಸಬಹುದು. ಎರಡು ಕ್ರಿಯಾಪದಗಳ ಭೇದವನ್ನು ಬಲ್ಲವರಿಗೆ ವಿರೋಧವೇ ಇಲ್ಲ.

ಹಾಗಾದರೆ ತಿಳಿಯುವುದು ಎಲ್ಲಿ ಮುಗಿಯುತ್ತದೆ, ಮಾಡುವುದು ಎಲ್ಲಿ ಮೊದಲಾಗುತ್ತದೆ? 1952ರಲ್ಲಿ ಅನ್ವರ್ ಅಲಿ ಸರ್ಕಾರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದಕ್ಕೆ ಎರಡು ಒರೆಗಲ್ಲುಗಳನ್ನು ಸ್ಪಷ್ಟಪಡಿಸಿತು. ಜನರನ್ನು ಬೇರೆ ಬೇರೆ ಗುಂಪಾಗಿ ಕಾಣುವುದಾದರೆ, ಆ ಗುಂಪುಗಳ ನಡುವೆ ಬುದ್ಧಿಗೆ ಕಾಣುವ ನಿಜವಾದ ವ್ಯತ್ಯಾಸವಿರಬೇಕು. ಆ ವ್ಯತ್ಯಾಸಕ್ಕೂ ಕಾಯಿದೆಯ ಉದ್ದೇಶಕ್ಕೂ ಯುಕ್ತವಾದ ಸಂಬಂಧವಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ಅದು ತಾರತಮ್ಯ.

ನಮ್ಮ ರಾಜ್ಯದ ಆಡಳಿತದಲ್ಲಿಯೂ ತರತಮದ ನಿದರ್ಶನವೊಂದಿದೆ. ಪ್ರಾದೇಶಿಕ ಅಸಮಾನತೆಯನ್ನು ಪರಿಶೀಲಿಸಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಒಪ್ಪಿಸಿದ ವರದಿಯು, ಆಗ ಇದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆಯೆಂದು ಕಂಡಿತು. ಅವುಗಳಲ್ಲಿ 35 ಹಿಂದುಳಿದವು, 40 ಹೆಚ್ಚು ಹಿಂದುಳಿದವು, 39 ಅತ್ಯಂತ ಹಿಂದುಳಿದವು. ವ್ಯಾಕರಣದ ಮೂರು ಮೆಟ್ಟಿಲುಗಳೂ ಅಲ್ಲಿವೆ. ಆದರೆ ಈ ಏಣಿಯನ್ನು ಕಟ್ಟಿದ್ದು ಕೆಳಗಿನವರನ್ನು ಕೆಳಗೇ ಇಡಲು ಅಲ್ಲ. ಮೊದಲ ಕೈ ಯಾರಿಗೆ ನೀಡಬೇಕೆಂದು ತಿಳಿಯಲು.

ಮತ್ತೆ ಊಟದ ಮನೆಗೆ

ಕಾಯಿದೆಯ ಮಾತು ದೂರದ್ದೆಂದು ತಿಳಿಯಬೇಕಾಗಿಲ್ಲ. ಅದು ಹೊಸ್ತಿಲನ್ನು ದಾಟಿ ಮನೆಯೊಳಕ್ಕೂ ಬಂದಿದೆ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಆಸ್ತಿಯ ಹಕ್ಕುಗಳಿಗಾಗಿ ಒಂದು ಕಾಯಿದೆಯನ್ನು ಮಾಡಿತ್ತು. ಮುಂದೆ 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಗಳಿಗೂ ಹುಟ್ಟಿನಿಂದಲೇ ಮಗನಂತೆ ಪಾಲು ಕೊಟ್ಟಿತು. ಆದರೆ ಅಷ್ಟರೊಳಗೆ ಮದುವೆಯಾಗಿದ್ದ ಹೆಣ್ಣುಮಕ್ಕಳಿಗೆ ಅದು ಅನ್ವಯಿಸಲಿಲ್ಲ. ಒಂದೇ ತಾಯಿಯ ಇಬ್ಬರು ಹೆಣ್ಣುಮಕ್ಕಳಲ್ಲಿ ಅಕ್ಕನಿಗೆ ಪಾಲಿಲ್ಲ, ತಂಗಿಗೆ ಉಂಟು. ಕಾರಣ, ಅಕ್ಕನ ಮದುವೆ ಮೊದಲು ನಡೆದದ್ದು! 2005ರ ಕೇಂದ್ರ ತಿದ್ದುಪಡಿಯು ಮದುವೆಯ ಈ ಗೆರೆಯನ್ನು ಅಳಿಸಿತು. ಆ ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲ ಎಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು.

ಇಷ್ಟು ತಿಳಿದ ಮೇಲೆ ಹಬ್ಬದ ಪಂಕ್ತಿಯ ಪ್ರಶ್ನೆಗೆ ಉತ್ತರ ಕಷ್ಟವಲ್ಲ. ಜ್ವರದ ಹುಡುಗನ ಎಲೆಯನ್ನು ತಾಯಿ ದಾಟಿದ್ದು ತಾರತಮ್ಯವಲ್ಲ, ತರತಮಜ್ಞಾನ. ಅವನ ಮೈಯಲ್ಲಿ ನಿಜವಾದ ವ್ಯತ್ಯಾಸವಿತ್ತು. ಅವನು ಗುಣವಾಗಬೇಕೆಂಬ ಉದ್ದೇಶಕ್ಕೂ ತಿಳಿಸಾರಿಗೂ ನೇರ ಸಂಬಂಧವಿತ್ತು. ಏಕೆ ಎಂದು ಕೇಳಿದರೆ ಆಕೆಯಲ್ಲಿ ಉತ್ತರವಿದೆ. ಮಗಳ ಎಲೆಗೆ ಬಿದ್ದ ಒಂದೇ ಸಲದ ತುಪ್ಪಕ್ಕೆ ಅಂಥ ಉತ್ತರವಿಲ್ಲ. ಅಲ್ಲಿ ವ್ಯತ್ಯಾಸವನ್ನು ತಿಳಿದಿರಲಿಲ್ಲ, ಮಾಡಲಾಗಿತ್ತು. ತಾಯಿಯನ್ನು ದೂರಿ ಪ್ರಯೋಜನವಿಲ್ಲ. ಆಕೆಯ ಎಲೆಗೂ ಒಂದು ಕಾಲದಲ್ಲಿ ತುಪ್ಪ ಒಂದೇ ಸಲ ಬಿದ್ದಿತ್ತು. ಇಂದಿಗೂ ಎಲ್ಲರ ಊಟವಾದ ಮೇಲೆ ಕುಳಿತುಕೊಳ್ಳುವಾಗ ಮಿಳ್ಳೆಯಲ್ಲಿ ಏನು ಉಳಿದಿದೆಯೋ ಅದೇ ಆಕೆಯ ಪಾಲು.

ಕೂಗಿ ಹೇಳಿದ ತಾರತಮ್ಯಕ್ಕಿಂತ ಹೇಳದೆ ಉಳಿದ ತಾರತಮ್ಯವೇ ಹೆಚ್ಚು ಹಳೆಯದು, ಹೆಚ್ಚು ಆಳದ್ದು. ಆ ಮೌನದ ಎದುರಿಗೆ ಕನ್ನಡವು ಒಂದು ಪುಟ್ಟ ಸಾಧನವನ್ನು ಕೊಟ್ಟಿದೆ. ಯಾರ ಪಾಲು ಹೆಚ್ಚಾಯಿತೋ, ಯಾರ ಪಾಲು ಕಡಿಮೆಯಾಯಿತೋ ಅಲ್ಲಿ ‘ಯಾರಿಗಿಂತ, ಏತಕ್ಕಾಗಿ?’ ಎಂದು ಒಮ್ಮೆ ಕೇಳಿದರೆ ಸಾಕು. ಉತ್ತರ ಸಿಕ್ಕರೆ ಅದು ತಿಳಿವಳಿಕೆ. ಸಿಕ್ಕದಿದ್ದರೆ, ಮುಂದಿನ ಹಬ್ಬಕ್ಕೆ ಕಾಯಬೇಕಾಗಿಲ್ಲ. ತುಪ್ಪದ ಮಿಳ್ಳೆ ಇನ್ನೂ ತಾಯಿಯ ಕೈಯಲ್ಲಿಯೇ ಇದೆ, ಪಂಕ್ತಿ ಇನ್ನೂ ಎದ್ದಿಲ್ಲ.